ತಾರೀಖು ನೋಡಿ ಡ್ರೈವರ್ ಅಳೆಯಬೇಡಿ

ಮನೆಯ ಕಂಪ್ಯೂಟರಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೀಬೋರ್ಡ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಡ್ರೈವರ್’ ಪುಟಕ್ಕೆ ಹೋಗಿ. ಕಂಪ್ಯೂಟರನ್ನು ಕಳೆದ ವರ್ಷವಷ್ಟೇ ಕೊಂಡಿದ್ದರೂ ಅಲ್ಲಿ ಬಹುಮಟ್ಟಿಗೆ ಕಾಣುವ ತಾರೀಖು 21-06-2006. ಇಂಟೆಲ್ ಚಿಪ್‌ಸೆಟ್ ಇರುವ ಯಂತ್ರವಾದರೆ ‘ಸಿಸ್ಟಂ ಡಿವೈಸಸ್’ ಪಟ್ಟಿಯಲ್ಲಿ ಇನ್ನೂ ವಿಚಿತ್ರವಾದ ತಾರೀಖು ಕಣ್ಣಿಗೆ ಬೀಳಬಹುದು: 18-07-1968. ವಿಂಡೋಸ್‌ನ ಮೊದಲ ಆವೃತ್ತಿ ಬಂದದ್ದೇ 1985ರಲ್ಲಿ. ಹಾಗಾದರೆ 1968ರ ಡ್ರೈವರ್ ಎಲ್ಲಿಂದ ಬಂತು?

ಎರಡೂ ಬೇಕೆಂದೇ ಹಾಕಿದ ತಾರೀಖುಗಳು. ಒಂದೇ ಸಾಧನಕ್ಕೆ ಸಮನಾಗಿ ಹೊಂದುವ ಎರಡು ಡ್ರೈವರ್‌ಗಳು ಸಿಕ್ಕಾಗ ವಿಂಡೋಸ್ ಮೊದಲು ತಾರೀಖು ನೋಡುತ್ತದೆ, ಆಮೇಲೆ ಆವೃತ್ತಿ ಸಂಖ್ಯೆ. ತನ್ನ ಜತೆಗೇ ಬರುವ ಸಾಮಾನ್ಯ ಡ್ರೈವರ್, ಸಾಧನ ತಯಾರಕರು ಕೊಟ್ಟ ವಿಶೇಷ ಡ್ರೈವರನ್ನು ಹಿಂದಿಕ್ಕಿ ಕೂರಬಾರದು ಎಂದು ಮೈಕ್ರೋಸಾಫ್ಟ್ ತನ್ನವಕ್ಕೆಲ್ಲ 2006ರ ಹಳೆಯ ತಾರೀಖನ್ನೇ ಉಳಿಸಿಕೊಂಡಿದೆ. ಆ ಸಂಸ್ಥೆಯ ಎಂಜಿನಿಯರ್ ರೇಮಂಡ್ ಚೆನ್ ಇದನ್ನು ಬರೆದು ವಿವರಿಸಿದ್ದಾರೆ. ಇಂಟೆಲ್ ಕೂಡ ಇದೇ ಉದ್ದೇಶದಿಂದ ತನ್ನ ಚಿಪ್‌ಸೆಟ್ ಕಡತಗಳಿಗೆ 1968ರ ಜುಲೈ 18 ಎಂದು ಬರೆಯಿತು. ಅದು ಇಂಟೆಲ್ ಸಂಸ್ಥೆ ಹುಟ್ಟಿದ ದಿನ.

ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ‘ನಿಮ್ಮ ಕಂಪ್ಯೂಟರಿನ ಡ್ರೈವರ್‌ಗಳು ಹಳೆಯದಾಗಿವೆ, ತಕ್ಷಣ ಅಪ್‌ಡೇಟ್ ಮಾಡಿ’ ಎಂದು ಕೆಂಪಕ್ಷರದಲ್ಲಿ ಹೆದರಿಸುವ ತಂತ್ರಾಂಶಗಳಿಗೆ ಇಂಥ ತಾರೀಖುಗಳೇ ಬಂಡವಾಳ. ಡ್ರೈವರ್ ಹಳೆಯದೋ ಅಲ್ಲವೋ ಎಂಬುದನ್ನು ತಾರೀಖು ತೀರ್ಮಾನಿಸುವುದಿಲ್ಲ. ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆಯೇ, ಆ ಡ್ರೈವರಿನಲ್ಲಿ ಭದ್ರತಾ ದೋಷ ಪತ್ತೆಯಾಗಿದೆಯೇ, ಈಗಿನ ವಿಂಡೋಸ್‌ಗೆ ಅದು ಹೊಂದುತ್ತದೆಯೇ? ತೀರ್ಮಾನ ಮಾಡಬೇಕಾದದ್ದು ಈ ಮೂರು ಪ್ರಶ್ನೆಗಳು. ಮೂರಕ್ಕೂ ಉತ್ತರ ನಿಮ್ಮ ಕಂಪ್ಯೂಟರಿನೊಳಗೇ ಇದೆ. ದುಡ್ಡು ಕೊಡಬೇಕಿಲ್ಲ.

ಸಣ್ಣ ಕಡತ, ದೊಡ್ಡ ಅಧಿಕಾರ

ವಿಂಡೋಸ್‌ಗೆ ನಿಮ್ಮ ಪ್ರಿಂಟರ್ ಯಾವ ಮಾದರಿಯದು, ವೈಫೈ ಚಿಪ್ ಯಾವ ಸಂಜ್ಞೆಗೆ ಏನು ಮಾಡುತ್ತದೆ ಎಂಬುದು ತಾನಾಗಿ ಗೊತ್ತಿರುವುದಿಲ್ಲ. ಆ ಒಂದು ಸಾಧನದ ವ್ಯವಹಾರವನ್ನಷ್ಟೇ ಅರಿತು, ವಿಂಡೋಸ್‌ಗೂ ಅದಕ್ಕೂ ನಡುವೆ ನಿಂತು ಕೆಲಸ ಮಾಡಿಸುವ ತಂತ್ರಾಂಶ ಡ್ರೈವರ್. ಅದು ಓಡುವ ಜಾಗದಿಂದಲೇ ಅದಕ್ಕೆ ಇಷ್ಟು ಮಹತ್ವ. ನಾವು ಬಳಸುವ ವರ್ಡ್, ಕ್ರೋಮ್, ನುಡಿಯಂಥ ತಂತ್ರಾಂಶಗಳಿಗೆ ಮಿತಿಗಳಿವೆ. ಒಂದು ಕೆಟ್ಟರೆ ಅದನ್ನಷ್ಟೇ ಮುಚ್ಚಿ ಉಳಿದ ಕೆಲಸ ಮುಂದುವರಿಸಬಹುದು. ಆದರೆ ಬಹುಪಾಲು ಡ್ರೈವರ್‌ಗಳು ಓಡುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ, ಅಂದರೆ ಕರ್ನೆಲ್‌ನಲ್ಲಿ. ಅಲ್ಲಿ ಒಂದು ತಪ್ಪು ಹೆಜ್ಜೆ ಬಿದ್ದರೆ ಇಡೀ ಯಂತ್ರವೇ ದೋಷದ ಪರದೆ ತೋರಿಸಿ ನಿಲ್ಲುತ್ತದೆ; ವಿಂಡೋಸ್‌ನಲ್ಲಿ ಅದು ಬಹುಕಾಲ ನೀಲಿ ಪರದೆಯಾಗಿತ್ತು.

1998ರ ಏಪ್ರಿಲ್‌ನಲ್ಲಿ ಶಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದ ವೇದಿಕೆಯಲ್ಲಿ ಬಿಲ್ ಗೇಟ್ಸ್ ಎದುರಿಗೇ ಇದು ನಡೆಯಿತು. ಇನ್ನೂ ಮಾರುಕಟ್ಟೆಗೆ ಬಾರದಿದ್ದ ವಿಂಡೋಸ್ 98ಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಸಾಕು, ಅದು ತಾನೇ ಗುರುತಿಸುತ್ತದೆ ಎಂದು ತೋರಿಸಲು ಹೊರಟಾಗ ಪರದೆ ನೀಲಿಯಾಯಿತು. ಸಮಸ್ಯೆ ಒಂದು ದಿನದ್ದಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವರದಿಯಾದ ವೈಫಲ್ಯಗಳಲ್ಲಿ ಶೇ 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣ ಎಂದು 2003ರ ಒಂದು ಪ್ರಸಿದ್ಧ ಸಂಶೋಧನಾ ಪ್ರಬಂಧ ದಾಖಲಿಸಿದೆ. ಲಿನಕ್ಸ್‌ನಲ್ಲೂ ಡ್ರೈವರ್ ಭಾಗದ ತಪ್ಪುಗಳ ಪ್ರಮಾಣ ಉಳಿದ ಕರ್ನೆಲ್‌ಗಿಂತ ಮೂರರಿಂದ ಏಳು ಪಟ್ಟು ಹೆಚ್ಚು ಎಂದು ಸ್ಟ್ಯಾನ್‌ಫೋರ್ಡ್ ಸಂಶೋಧಕರು 2001ರಲ್ಲಿ ಕಂಡುಕೊಂಡಿದ್ದರು.

ಈ ಕಾಯಿಲೆಗೆ ಮದ್ದು ಹುಡುಕಿದವರ ಸಾಲಿನಲ್ಲಿ ಬೆಂಗಳೂರಿಗೆ ಹತ್ತಿರದ ಒಂದು ಹೆಸರಿದೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಸೇರಿ ‘ಸ್ಲ್ಯಾಮ್’ ಎಂಬ ಯೋಜನೆ ನಡೆಸಿದರು. ಡ್ರೈವರನ್ನು ಓಡಿಸದೆಯೇ, ಅದರ ಸಂಕೇತವನ್ನು ಗಣಿತದ ರೀತಿಯಲ್ಲಿ ಪರೀಕ್ಷಿಸಿ, ವಿಂಡೋಸ್‌ನ ನಿಯಮಗಳನ್ನು ಎಲ್ಲಾದರೂ ಮುರಿಯುತ್ತದೆಯೇ ಎಂದು ಹೇಳುವ ವಿಧಾನ ಅದು. ಅದರಿಂದ ಹುಟ್ಟಿದ ‘ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್’ ಉಪಕರಣವನ್ನು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರ ಕೈಗೇ ಕೊಟ್ಟಿತು. ಇಬ್ಬರಿಗೂ 2011ರಲ್ಲಿ ಈ ಕ್ಷೇತ್ರದ ಗಣ್ಯ ಗೌರವವಾದ ಸಿಎವಿ ಪ್ರಶಸ್ತಿ ಬಂತು. ರಾಜಮಣಿ ಮುಂದೆ ಬೆಂಗಳೂರಿನಲ್ಲಿರುವ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಮುಖ್ಯಸ್ಥರಾದರು. ನೀಲಿ ಪರದೆ ಈಗ ಅಪರೂಪವಾಗಿದ್ದರೆ ಇಂಥ ಕೆಲಸಕ್ಕೂ ಅದರಲ್ಲಿ ಪಾಲಿದೆ.

ಅಪರೂಪ ಎಂದರೆ ಇಲ್ಲವೆಂದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಪೂರಿತ ಕಡತವನ್ನು ಅದೇ ಸಂಸ್ಥೆಯ ಕರ್ನೆಲ್ ಡ್ರೈವರ್ ಓದಿಕೊಂಡಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೇಶದ ಹಲವು ನಿಲ್ದಾಣಗಳಲ್ಲಿ ಚೆಕ್-ಇನ್ ಅಸ್ತವ್ಯಸ್ತವಾಯಿತು. ಕೆಲವೆಡೆ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟರು. ಕರ್ನೆಲ್‌ನೊಳಗೆ ಯಾರನ್ನು ಬಿಟ್ಟುಕೊಳ್ಳುತ್ತೇವೆ ಎಂಬುದು ಎಷ್ಟು ಗಂಭೀರ ಪ್ರಶ್ನೆ ಎಂದು ಆ ದಿನ ತೋರಿಸಿತು.

ಮೊದಲು ನೋಡಬೇಕಾದ ಜಾಗ

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇದೆ. ತೆರೆದ ಕೂಡಲೇ ಯಾವ ಸಾಧನದ ಪಕ್ಕದಲ್ಲೂ ಹಳದಿ ತ್ರಿಕೋನ ಕಾಣದಿದ್ದರೆ ಅರ್ಧ ಚಿಂತೆ ಕಳೆಯಿತು. ಕಂಡರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ‘ಡಿವೈಸ್ ಸ್ಟೇಟಸ್’ ಚೌಕದಲ್ಲಿ ಕೋಡ್ ಸಂಖ್ಯೆ ಬರೆದಿರುತ್ತದೆ. ಕೋಡ್ 28 ಎಂದರೆ ಡ್ರೈವರೇ ಹಾಕಿಲ್ಲ. ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ. ಕೋಡ್ 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಇದಕ್ಕೆ ಡ್ರೈವರ್ ಕಾರಣವಿರಬಹುದು, ಸಾಧನವೇ ಕೆಟ್ಟಿರಲೂಬಹುದು.

ಹಳದಿ ಗುರುತಿಲ್ಲದೆಯೂ ತೊಂದರೆ ಇರುವ ಒಂದು ಜಾಗ ‘ಡಿಸ್‌ಪ್ಲೇ ಅಡಾಪ್ಟರ್ಸ್’. ಅದರಡಿ ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಮ್ಮ ಗ್ರಾಫಿಕ್ಸ್ ಚಿಪ್‌ಗೆ ಸರಿಯಾದ ಡ್ರೈವರ್ ಬಿದ್ದೇ ಇಲ್ಲ. ಅಕ್ಷರ ಮಸುಕಾಗುವುದು, ವಿಡಿಯೊ ತಡವರಿಸುವುದು, ಎರಡನೆಯ ಪರದೆ ಹತ್ತದಿರುವುದು ಇವಕ್ಕೆಲ್ಲ ಅದೇ ಮೂಲ. ‘ಕಂಪ್ಯೂಟರ್ ಹಳೆಯದಾಯಿತು, ಹೊಸದು ತರಬೇಕು’ ಎಂದು ಲೆಕ್ಕ ಹಾಕುವ ಮುನ್ನ ಈ ಒಂದು ಸಾಲು ನೋಡಿಬಿಡಿ.

ಎನ್ವಿಡಿಯಾ ಕಾರ್ಡ್ ಇರುವವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. ಡಿವೈಸ್ ಮ್ಯಾನೇಜರ್ 32.0.15.6094 ಎಂಬಂಥ ಸಂಖ್ಯೆ ತೋರಿಸುತ್ತದೆ. ಕಂಪನಿಯ ಪುಟದಲ್ಲಿ 560.94 ಎಂದಿರುತ್ತದೆ. ಎರಡೂ ಒಂದೇ. ಚುಕ್ಕೆಗಳನ್ನು ಬಿಟ್ಟು ಕೊನೆಯ ಐದು ಅಂಕಿಗಳನ್ನು ತೆಗೆದುಕೊಂಡು, ಮೂರರ ನಂತರ ಚುಕ್ಕೆ ಇಟ್ಟರೆ ಕಂಪನಿಯ ಸಂಖ್ಯೆ ಸಿಗುತ್ತದೆ.

‘ಅನ್‌ನೋನ್ ಡಿವೈಸ್’ ಎಂದಷ್ಟೇ ತೋರಿಸಿ ಸತಾಯಿಸುವ ಸಾಧನವನ್ನೂ ಗುರುತಿಸಬಹುದು. ಅದರ ‘ಡೀಟೇಲ್ಸ್’ ಪುಟಕ್ಕೆ ಹೋಗಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿ. ಬರುವ ಉದ್ದದ ಸಾಲಿನಲ್ಲಿ ‘ವಿಇಎನ್’ ಎಂಬ ಅಕ್ಷರಗಳ ಮುಂದಿನ ನಾಲ್ಕು ಅಂಕಿಗಳು ತಯಾರಕರ ಗುರುತು. 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ, 10ಡಿಇ ಇದ್ದರೆ ಎನ್ವಿಡಿಯಾ, 10ಇಸಿ ಇದ್ದರೆ ರಿಯಲ್‌ಟೆಕ್. ಅದರ ಮುಂದೆ ‘ಡಿಇವಿ’ ಎಂದು ಇರುವುದು ಮಾದರಿಯ ಗುರುತು. ಇವೆರಡನ್ನು ಬರೆದುಕೊಂಡರೆ ಯಾವ ಡ್ರೈವರ್ ಬೇಕೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಯಾವಾಗಿನಿಂದ ತೊಂದರೆ ಶುರುವಾಯಿತು ಎಂಬುದು ನೆನಪಿಲ್ಲದಿದ್ದರೆ ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಹುಡುಕಿ. ದಿನವಾರು ಪಟ್ಟಿಯಲ್ಲಿ ಕೆಂಪು ಗುರುತುಗಳು ಎಂದು ಶುರುವಾದವು, ಅದರ ಹಿಂದುಮುಂದೆ ಏನನ್ನು ಹಾಕಲಾಗಿತ್ತು ಎಂಬುದು ಅಕ್ಕಪಕ್ಕದಲ್ಲೇ ಕಾಣುತ್ತದೆ. ರಿಪೇರಿಗೆ ಕೊಡುವುದಾದರೂ ಇದರ ಒಂದು ಫೋಟೊ ಜತೆಗಿದ್ದರೆ ಅಂಗಡಿಯವರ ಅರ್ಧ ಕೆಲಸ ಮುಗಿದಂತೆ.

ಎಲ್ಲಿಂದ ತರಬೇಕು?

ಡಿವೈಸ್ ಮ್ಯಾನೇಜರಿನ ‘ಅಪ್‌ಡೇಟ್ ಡ್ರೈವರ್’ ಒತ್ತಿದರೆ ‘ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ’ ಎಂಬ ಉತ್ತರ ಬರುವುದೇ ಹೆಚ್ಚು. ತನ್ನ ಬಳಿ ಇರುವುದರಲ್ಲಿ ಇದು ಉತ್ತಮ ಎಂದಷ್ಟೇ ಅದರ ಅರ್ಥ. ಆದ್ದರಿಂದ ಮೂರು ಮೆಟ್ಟಿಲು ಹತ್ತಬೇಕು.

ಮೊದಲನೆಯದು ವಿಂಡೋಸ್ ಅಪ್‌ಡೇಟ್. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಎಂದು ಹೋದರೆ ಅಲ್ಲಿ ಡ್ರೈವರ್‌ಗಳ ಪಟ್ಟಿ ಇದ್ದೀತು. ಅವು ತಾನಾಗಿ ಇಳಿಯುವುದಿಲ್ಲ; ತೊಂದರೆ ಇರುವ ಸಾಧನದ್ದನ್ನು ಮಾತ್ರ ಆರಿಸಿಕೊಳ್ಳಿ. ಎರಡನೆಯದು ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಕರ ಸಪೋರ್ಟ್ ಪುಟ. ಲ್ಯಾಪ್‌ಟಾಪ್ ಅಡಿಯ ಸ್ಟಿಕರಿನಲ್ಲಿರುವ ಸೀರಿಯಲ್ ಸಂಖ್ಯೆ ಕೊಟ್ಟರೆ ನಿಮ್ಮ ಯಂತ್ರದ್ದೇ ಪಟ್ಟಿ ಬರುತ್ತದೆ. ಸ್ಟಿಕರ್ ಅಳಿಸಿಹೋಗಿದ್ದರೆ ‘ಸಿಸ್ಟಂ ಇನ್ಫರ್ಮೇಷನ್’ ತೆರೆದರೆ ಮಾದರಿಯ ಹೆಸರು ಅಲ್ಲಿದೆ. ಮೂರನೆಯದು ಚಿಪ್ ತಯಾರಕರು: ಇಂಟೆಲ್, ಎಎಂಡಿ, ಎನ್ವಿಡಿಯಾ. ಆಟ ಆಡುವವರಿಗೆ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಗ್ರಾಫಿಕ್ಸ್ ಡ್ರೈವರ್ ಇಲ್ಲಿಂದಲೇ ಬೇಕಾಗುತ್ತದೆ. ಈ ಮೂರನ್ನು ಬಿಟ್ಟು ನಾಲ್ಕನೆಯ ಬಾಗಿಲು ತಟ್ಟುವ ಅಗತ್ಯ ಮನೆಯ ಕಂಪ್ಯೂಟರಿಗೆ ಬರುವುದೇ ಅಪರೂಪ.

ವಿಂಡೋಸನ್ನು ಹೊಸದಾಗಿ ಹಾಕಿದ ಮೇಲೆ ವೈಫೈ ಡ್ರೈವರೇ ಇಲ್ಲ, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಇಲ್ಲ ಎಂದು ಕೈಚೆಲ್ಲಿ ಕೂರುವವರಿದ್ದಾರೆ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡದೆಯೇ ಫೋನಿನ ಇಂಟರ್ನೆಟ್ ಕಂಪ್ಯೂಟರಿಗೆ ಬರುತ್ತದೆ.

ಪ್ರಿಂಟರ್ ಸಾಯುವುದಿಲ್ಲ, ಡ್ರೈವರ್ ಸಾಯುತ್ತದೆ

ನಮ್ಮ ಊರುಗಳ ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ವಕೀಲರ ಕಚೇರಿ, ಮನೆಗಳಲ್ಲಿ ಎರಡು ಪ್ರಿಂಟರ್‌ಗಳನ್ನು ನೋಡದವರಿಲ್ಲ: ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020. ಗಟ್ಟಿಮುಟ್ಟಾದ ಯಂತ್ರಗಳು, ಟೋನರ್ ತುಂಬಿಸುತ್ತಾ ಹೋದರೆ ವರ್ಷಗಟ್ಟಲೆ ಅಚ್ಚು ಒತ್ತುತ್ತಲೇ ಇರುತ್ತವೆ. ಆದರೆ ಎರಡೂ ಪೂರ್ತಿ ಡ್ರೈವರ್ ಮೇಲೆಯೇ ಬದುಕಿರುವಂಥವು. ದೊಡ್ಡ ಕಚೇರಿಯ ಪ್ರಿಂಟರ್ ಪುಟದ ವಿವರವನ್ನು ತಾನೇ ಓದಿ ಚಿತ್ರ ಮಾಡಿಕೊಳ್ಳುತ್ತದೆ. ಇವುಗಳ ವಿಷಯದಲ್ಲಿ ಇಡೀ ಪುಟವನ್ನು ಚುಕ್ಕೆ ಚುಕ್ಕೆಯಾಗಿ ಸಿದ್ಧಪಡಿಸುವುದು ಕಂಪ್ಯೂಟರಿನಲ್ಲಿ ಕುಳಿತ ಡ್ರೈವರ್. 1020ಕ್ಕಂತೂ ಸ್ವಿಚ್ ಹಾಕಿದಾಗಲೆಲ್ಲ ಅದನ್ನು ನಡೆಸುವ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನೂ ಡ್ರೈವರೇ ಕಳಿಸಬೇಕು. ವಿದ್ಯುತ್ ಹೋಗಿ ಬಂದ ಮೇಲೆ ಅದು ಸುಮ್ಮನೆ ಕೂತರೆ ಕೇಬಲ್ ತೆಗೆದು ಮತ್ತೆ ಸಿಕ್ಕಿಸಿದಾಗ ಸರಿಹೋಗುವುದು ಇದೇ ಕಾರಣಕ್ಕೆ. ಯಾವುದೋ ಸಾಮಾನ್ಯ ಡ್ರೈವರ್ ಹಾಕಿ ಇವನ್ನು ನಡೆಸಲಾಗದು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಎಷ್ಟೋ ಮನೆಗಳು ವಿಂಡೋಸ್ 11ರ ಯಂತ್ರಕ್ಕೆ ಹೋಗುತ್ತಿವೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, 32 ಬಿಟ್ ಡ್ರೈವರ್ ಅದರ ಕರ್ನೆಲ್‌ಗೆ ಹತ್ತುವುದಿಲ್ಲ. ಇನ್ನು ಸ್ನ್ಯಾಪ್‌ಡ್ರ್ಯಾಗನ್‌ನಂಥ ಆರ್ಮ್ ಪ್ರೊಸೆಸರಿನ ಹೊಸ ಲ್ಯಾಪ್‌ಟಾಪ್ ಕೊಂಡರೆ ಇಂಟೆಲ್ ಯಂತ್ರದ ಡ್ರೈವರ್ ಅಲ್ಲಿ ನಡೆಯದು. ಆರ್ಮ್‌ಗೆಂದೇ ಬರೆದದ್ದು ಬೇಕು. ಆದ್ದರಿಂದ ಹೊಸ ಕಂಪ್ಯೂಟರಿಗೆ ದುಡ್ಡು ಕೊಡುವ ಮೊದಲು ಮನೆಯಲ್ಲಿರುವ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಅದರಲ್ಲಿ ಡ್ರೈವರ್ ಇದೆಯೇ ಎಂದು ತಯಾರಕರ ಪುಟದಲ್ಲಿ ನೋಡಿ. ಸ್ಕ್ಯಾನರಿಗೆ ಎಲ್ಲೂ ಡ್ರೈವರ್ ಸಿಗದಿದ್ದರೆ ಎಸೆಯಬೇಡಿ. ಲಿನಕ್ಸ್‌ನ ‘ಸೇನ್’ ಎಂಬ ಸ್ವಯಂಸೇವಕರ ಯೋಜನೆ ಕಂಪನಿಗಳು ಕೈಬಿಟ್ಟ ಅನೇಕ ಸ್ಕ್ಯಾನರ್‌ಗಳನ್ನು ಇಂದಿಗೂ ನಡೆಸುತ್ತಿದೆ.

ಹೊಸದೆಲ್ಲ ಒಳ್ಳೆಯದಲ್ಲ

2014ರ ಅಕ್ಟೋಬರ್‌ನಲ್ಲಿ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳ ಚಿಪ್ ಮಾಡುವ ಎಫ್‌ಟಿಡಿಐ ಎಂಬ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಜಗತ್ತಿಗೆಲ್ಲ ಹಂಚಿಕೆಯಾಯಿತು. ಕಂಪ್ಯೂಟರಿಗೆ ಸಿಕ್ಕಿಸಿದ ಚಿಪ್ ನಕಲಿ ಎಂದು ಕಂಡರೆ ಅದರ ಗುರುತಿನ ಸಂಖ್ಯೆಯನ್ನೇ ಅದು ಸೊನ್ನೆ ಮಾಡಿಬಿಡುತ್ತಿತ್ತು. ತಾವು ಕೊಂಡದ್ದು ನಕಲಿ ಎಂಬುದೇ ತಿಳಿಯದ ಗ್ರಾಹಕರ ಕೇಬಲ್‌ಗಳು ರಾತ್ರೋರಾತ್ರಿ ಕೈಕೊಟ್ಟವು. ಭಾರಿ ಆಕ್ಷೇಪ ಬಂದ ಮೇಲೆ ಆ ಡ್ರೈವರನ್ನು ಹಿಂತೆಗೆಯಲಾಯಿತು. ಇಂದಿಗೂ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳ ಕತೆ ಹೀಗೆಯೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಅಗ್ಗಕ್ಕೆ ತಂದ ಕೇಬಲ್ ಕೋಡ್ 10 ತೋರಿಸಿದರೆ, ಹೊಸ ಡ್ರೈವರ್ ಹಳೆಯ ಅಥವಾ ನಕಲಿ ಚಿಪ್ಪನ್ನು ಒಪ್ಪದಿರುವುದೇ ಕಾರಣವಾಗಿರಬಹುದು. ಅಲ್ಲಿ ಬೇಕಾದದ್ದು ಹಳೆಯ ಡ್ರೈವರ್.

ಹಾಗಾಗಿ ಏನೇ ಬದಲಿಸುವ ಮುನ್ನ ಹಿಂದಿರುಗುವ ದಾರಿ ಮಾಡಿಟ್ಟುಕೊಳ್ಳಿ. ಸ್ಟಾರ್ಟ್‌ನಲ್ಲಿ ‘ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ ಒಂದನ್ನು ಸೃಷ್ಟಿಸಿ. ಒಂದು ಸಲಕ್ಕೆ ಒಂದೇ ಡ್ರೈವರ್ ಬದಲಿಸಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಒಂದೆರಡು ದಿನ ಬಳಸಿ ನೋಡಿ. ಸರಿಬಾರದಿದ್ದರೆ ಡ್ರೈವರ್ ಪುಟದಲ್ಲೇ ‘ರೋಲ್ ಬ್ಯಾಕ್ ಡ್ರೈವರ್’ ಇದೆ. ಬಯಾಸ್ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಬಂದಾಗ ಇನ್ನೂ ಎಚ್ಚರ ಬೇಕು. ಅದರ ನಡುವೆ ಕರೆಂಟ್ ಹೋದರೆ ಯಂತ್ರವೇ ಏಳದಿರುವ ಅಪಾಯವಿದೆ. ಡೆಸ್ಕ್‌ಟಾಪ್‌ಗೆ ಯುಪಿಎಸ್, ಲ್ಯಾಪ್‌ಟಾಪ್‌ಗೆ ತುಂಬಿದ ಬ್ಯಾಟರಿ ಜತೆಗೆ ಚಾರ್ಜರ್ ಇದ್ದಾಗ ಮಾತ್ರ ಮಾಡಿ.

ನಿಜವಾಗಿ ಅಪಾಯದ ಹಳೆಯ ಡ್ರೈವರ್

ಕೆಲಸ ಮಾಡುತ್ತಿದ್ದರೂ ಬದಲಿಸಲೇಬೇಕಾದ ಡ್ರೈವರ್‌ಗಳಿವೆ. ಭದ್ರತಾ ದೋಷ ಪತ್ತೆಯಾದವು ಅವು. 2021ರ ಮೇ ತಿಂಗಳಲ್ಲಿ ಡೆಲ್ ಕಂಪ್ಯೂಟರ್‌ಗಳ ಫರ್ಮ್‌ವೇರ್ ಅಪ್‌ಡೇಟ್ ಉಪಕರಣಗಳ ಜತೆ ಬರುತ್ತಿದ್ದ ಒಂದು ಡ್ರೈವರಿನಲ್ಲಿ ಐದು ದೋಷಗಳು ಬಯಲಾದವು. 2009ರಿಂದ ಅದು ನೂರಾರು ಮಾದರಿಗಳಲ್ಲಿ ಹಂಚಿಕೆಯಾಗಿತ್ತು. ಸಾಧಾರಣ ಬಳಕೆದಾರನ ಅಧಿಕಾರವಷ್ಟೇ ಇದ್ದ ದುಷ್ಟ ತಂತ್ರಾಂಶ ಅದರ ಮೂಲಕ ಕರ್ನೆಲ್ ತನಕ ಏರಬಹುದಿತ್ತು. ಡೆಲ್ ಸರಿಪಡಿಸುವ ಉಪಕರಣ ಬಿಡುಗಡೆ ಮಾಡಿತು.

ಅದಕ್ಕೂ ಮುನ್ನ, 2020ರಲ್ಲಿ, ರಾಬಿನ್‌ಹುಡ್ ಎಂಬ ರ‍್ಯಾನ್ಸಮ್‌ವೇರ್ ನಡೆಸುವವರು ಇನ್ನೊಂದು ದಾರಿ ಹಿಡಿದಿದ್ದರು. ಗಿಗಾಬೈಟ್ ಕಂಪನಿ ಕೈಬಿಟ್ಟಿದ್ದ, ಆದರೆ ಡಿಜಿಟಲ್ ಸಹಿ ಇನ್ನೂ ಸಿಂಧುವಾಗಿದ್ದ ಹಳೆಯ ಡ್ರೈವರನ್ನು ತಾವೇ ಹೊತ್ತು ತಂದು ಕಂಪ್ಯೂಟರಿಗೆ ಹಾಕಿ, ಅದರ ದೋಷ ಬಳಸಿ ಆಂಟಿವೈರಸನ್ನೇ ಮುಗಿಸಿಬಿಡುತ್ತಿದ್ದರು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥ ಡ್ರೈವರ್‌ಗಳನ್ನು ತಡೆಯುವ ಪಟ್ಟಿಯೊಂದನ್ನು ಮೈಕ್ರೋಸಾಫ್ಟ್ ಇಟ್ಟುಕೊಂಡಿದೆ. 2022ರ ವಿಂಡೋಸ್ 11 ಅಪ್‌ಡೇಟ್‌ನಿಂದ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ.

ನಿಮ್ಮ ಯಂತ್ರದಲ್ಲಿ ಪರೀಕ್ಷಿಸುವುದು ಸುಲಭ. ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ಡಿವೈಸ್ ಸೆಕ್ಯುರಿಟಿ’, ಅದರೊಳಗೆ ‘ಕೋರ್ ಐಸೊಲೇಷನ್’ಗೆ ಹೋಗಿ. ಕರ್ನೆಲ್ಲನ್ನು ಕಾಯುವ ‘ಮೆಮೊರಿ ಇಂಟೆಗ್ರಿಟಿ’ ಆಫ್ ಆಗಿದ್ದರೆ ಆನ್ ಮಾಡಲು ಪ್ರಯತ್ನಿಸಿ. ಅದಕ್ಕೆ ಹೊಂದದ ಡ್ರೈವರ್‌ಗಳಿದ್ದರೆ ಹೆಸರು ಸಮೇತ ಪಟ್ಟಿ ಕೊಡುತ್ತದೆ. ನನ್ನ ಮಟ್ಟಿಗೆ, ಮನೆಯ ಕಂಪ್ಯೂಟರಿನಲ್ಲಿ ಗಮನ ಕೊಡಬೇಕಾದ ಹಳೆಯ ಡ್ರೈವರ್ ಯಾವುದು ಎಂಬ ಪ್ರಶ್ನೆಗೆ ಸಿಗುವ ಅತ್ಯಂತ ಪ್ರಾಮಾಣಿಕ ಉತ್ತರ ಆ ಪಟ್ಟಿ. ಎಂದೋ ಬಿಸಾಕಿದ ಡಾಂಗಲ್, ಮಾರಿಬಿಟ್ಟ ವೆಬ್‌ಕ್ಯಾಮ್‌ಗಳ ಡ್ರೈವರ್‌ಗಳು ಅಲ್ಲಿ ಕಾಣಸಿಗುತ್ತವೆ. ಬೇಡವಾದವನ್ನು ತೆಗೆದುಹಾಕಿ, ಬೇಕಾದವಕ್ಕೆ ತಯಾರಕರಿಂದ ಹೊಸದು ತನ್ನಿ.

ಹೆದರಿಸಿ ಮಾರುವವರು

ಇಷ್ಟೆಲ್ಲ ಉಚಿತವಾಗಿ ಒಳಗೇ ಇರುವಾಗ ‘ಡ್ರೈವರ್ ಅಪ್‌ಡೇಟರ್’ಗಳಿಗೆ ಜನ ದುಡ್ಡು ಕೊಡುವುದು ಭಯದಿಂದ. ಉಚಿತ ಸ್ಕ್ಯಾನ್, ಪರದೆ ತುಂಬ ಕೆಂಪು ಗುರುತು, ಸರಿಪಡಿಸಲು ವಾರ್ಷಿಕ ಚಂದಾ, ಕೊನೆಗೆ ‘ನಮ್ಮ ತಂತ್ರಜ್ಞರಿಗೆ ಫೋನ್ ಮಾಡಿ’. ಕಂಪ್ಯೂಟರ್ ರಿಪೇರಿ ಹೆಸರಿನಲ್ಲಿ ಸುಳ್ಳು ಎಚ್ಚರಿಕೆ ತೋರಿಸಿ ಗ್ರಾಹಕರನ್ನು ವಂಚಿಸಿದ ಆರೋಪದಡಿ ರೆಸ್ಟೊರೊ ಮತ್ತು ರೀಇಮೇಜ್ ಎಂಬ ಎರಡು ಕಂಪನಿಗಳು 2.6 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡದ್ದನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕರ್ನೆಲ್‌ಗೆ ಏನು ಹೋಗಬೇಕು ಎಂಬ ತೀರ್ಮಾನವನ್ನು ಹೆಸರೇ ಗೊತ್ತಿಲ್ಲದವರ ಕೈಗೆ ಕೊಟ್ಟುಬಿಡುತ್ತೇವೆ. ಯಾರಾದರೂ ಫೋನಿನಲ್ಲಿ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿಸಿಕೊಂಡು ಪರದೆ ತೋರಿಸಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರ ಮೇಲೆ ಒಂದು ಜವಾಬ್ದಾರಿಯಿದೆ. ಇಂಥ ಎಚ್ಚರಿಕೆಗಳಿಗೆ ಹೆಚ್ಚು ಬಲಿಯಾಗುವವರು ಒಂಟಿಯಾಗಿ ಕಂಪ್ಯೂಟರ್ ಬಳಸುವ ಹಿರಿಯರು. ಮಗ ಪುಣೆಯಲ್ಲೋ ಮಗಳು ಟೆಕ್ಸಾಸ್‌ನಲ್ಲೋ ಇದ್ದು, ವಿಡಿಯೊ ಕಾಲ್‌ಗಾಗಿಯೇ ಲ್ಯಾಪ್‌ಟಾಪ್ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಪ್ಪ ಅಮ್ಮನ ಯಂತ್ರದ ಮುಂದೆ ಕೂತುಕೊಳ್ಳಿ. ಹಳದಿ ತ್ರಿಕೋನ ಇದೆಯೇ ನೋಡಿ, ಮೆಮೊರಿ ಇಂಟೆಗ್ರಿಟಿ ಆನ್ ಮಾಡಿ, ಒಂದು ರಿಸ್ಟೋರ್ ಪಾಯಿಂಟ್ ಮಾಡಿಡಿ, ಡ್ರೈವರ್ ಅಪ್‌ಡೇಟರ್ ಯಾವುದಾದರೂ ಸೇರಿಕೊಂಡಿದ್ದರೆ ತೆಗೆದುಹಾಕಿ. ಎಲ್ಲ ಸರಿಯಾಗಿದ್ದರೆ ಬೇರೆ ಏನನ್ನೂ ಮುಟ್ಟಬೇಡಿ. ಚೆನ್ನಾಗಿ ನಡೆಯುತ್ತಿರುವ, ದೋಷ ಪತ್ತೆಯಾಗದ ಡ್ರೈವರ್ ಎಷ್ಟೇ ವರ್ಷ ಹಳೆಯದಾದರೂ ಅದು ಸರಿಯಾದ ಡ್ರೈವರೇ.